ಟ್ರಂಕಿನ ತಳದ ಹಾಳೆ: ತಾರೀಖಿಲ್ಲದ ಜಾಹೀರಾತು ಪುಟದ ಕಾಲ ಹುಡುಕಿದ ಒಂದು ಪ್ರಕರಣ

ಗದಗಿನ ಹಳೆಯ ಮನೆಯೊಂದರಲ್ಲಿ ತಗಡಿನ ಟ್ರಂಕಿನ ತಳಕ್ಕೆ ಅಂಟಿಸಿದ್ದ ಕನ್ನಡ ಪತ್ರಿಕೆಯ ಹಾಳೆಯೊಂದು ಈ ಪ್ರಕರಣದ ವಸ್ತು. ಟ್ರಂಕಿನ ಅಳತೆಗೆ ಕೂಡಿಸಲು ಹಾಳೆಯ ಮೇಲ್ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ಹಾಗಾಗಿ ಪತ್ರಿಕೆಯ ಹೆಸರು, ತಾರೀಖು, ಸಂಚಿಕೆಯ ನಂಬರು ಮೂರೂ ಇಲ್ಲ. ಉಳಿದದ್ದು ಸುಮಾರು 11 ಇಂಚು ಅಗಲ, 16 ಇಂಚು ಉದ್ದ, ಪುಟಕ್ಕೆ ಐದು ಕಾಲಂ. ಒಂದು ಬದಿಗೆ ಸುದ್ದಿ ಮತ್ತು ಜಾಹೀರಾತು ಬೆರೆತಿವೆ. ಇನ್ನೊಂದು ಬದಿ ಪೂರ್ತಿ ಜಾಹೀರಾತು: ತಲೆನೋವಿನ ಮುಲಾಮು, ಕೂಸುಗಳ ಔಷಧ, ಶಕ್ತಿಯ ಗುಳಿಗೆ, ಸಾಬೂನು, ಕಂದೀಲು, ನೇಗಿಲು, ಹೊಲಿಗೆ ಯಂತ್ರ, ಪಂಚಾಂಗ, ಸಿನೆಮಾ. ಅರ್ಧಕ್ಕಿಂತ ಹೆಚ್ಚು ಜಾಗ ಔಷಧಗಳದು.

ಮನೆಯವರು ಇದನ್ನು ಪ್ಲೇಗಿನ ವರ್ಷದ್ದು ಎಂದು ನಂಬಿದ್ದರು. ಕಾರಣವೂ ಇತ್ತು. ಗುಳಿಗೆಯ ಜಾಹೀರಾತೊಂದರಲ್ಲಿ ಜ್ವರ, ಕಾಲರಾ, ಅಜೀರ್ಣಗಳ ಜೊತೆಗೆ ಪ್ಲೇಗಿನ ಹೆಸರೂ ಇದೆ. 1898ರಲ್ಲಿ ಹುಬ್ಬಳ್ಳಿ ಪ್ಲೇಗಿಗೆ ತತ್ತರಿಸಿದ್ದು ನಿಜ. ವಿಜ್ಞಾನಿ ಹಾಫ್‌ಕಿನ್ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಆ ವರ್ಷ ಅಲ್ಲಿ ಸಾವಿರಾರು ಜನರಿಗೆ ಚುಚ್ಚಿದ್ದೂ ನಿಜ. ಆದರೆ ಈ ಸೀಮೆಗೆ ಪ್ಲೇಗು ಒಮ್ಮೆ ಬಂದು ಹೋದ ರೋಗವಲ್ಲ. ಮುಂದೆ ಎಷ್ಟೋ ವರ್ಷ ಮತ್ತೆ ಮತ್ತೆ ಬಂದಿದೆ. ಔಷಧ ಮಾರುವವರು ತಮ್ಮ ರೋಗಗಳ ಯಾದಿಗೆ ಒಮ್ಮೆ ಸೇರಿಸಿದ ಹೆಸರನ್ನು ಸುಲಭಕ್ಕೆ ತೆಗೆಯುವುದಿಲ್ಲ. ಆದ್ದರಿಂದ ಜಾಹೀರಾತಿನಲ್ಲಿ ಬರುವ ರೋಗದ ಹೆಸರಿನಿಂದ ಕಾಲ ಹೇಳಹೋದರೆ ತಪ್ಪುವುದೇ ಹೆಚ್ಚು. ಟ್ರಂಕಿನ ವಯಸ್ಸೂ ನೆರವಿಗೆ ಬರುವುದಿಲ್ಲ, ತಳದ ಕಾಗದವನ್ನು ಯಾವಾಗ ಬೇಕಾದರೂ ಬದಲಿಸಿರಬಹುದು.

ಬಿಡಿಸುವ ಕೆಲಸ

ಓದುವುದಕ್ಕೆ ಮೊದಲು ಹಾಳೆಯನ್ನು ತಗಡಿನಿಂದ ಬಿಡಿಸಬೇಕಾಗಿತ್ತು. ಅಂಟು ಮೈದಾದ್ದು. ಅಂಚಿನಲ್ಲಿ ತುಸು ಹಸಿರು ಛಾಯೆ ಇದ್ದದ್ದರಿಂದ ಹುಳ ಬಾರದಂತೆ ಮೈಲುತುತ್ತ ಬೆರೆಸಿದ್ದರೆಂದು ತಿಳಿಯಿತು, ಬೈಂಡಿಂಗ್ ಮಾಡುವವರ ಹಳೆಯ ಪದ್ಧತಿ ಅದು. ಮೈದಾ ಅಂಟು ನೀರಿಗೆ ಬಿಡುತ್ತದೆ. ಮಸಿ ಹೀರುವ ಒತ್ತುಕಾಗದವನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಅಂಟಿದ ಜಾಗದ ಮೇಲೆ ಮಾತ್ರ 10ರಿಂದ 15 ನಿಮಿಷ ಇಟ್ಟು, ಚಪ್ಪಟೆ ಎಲುಬಿನ ಪಟ್ಟಿಯಿಂದ ಅಂಗುಲ ಅಂಗುಲವಾಗಿ ಎಬ್ಬಿಸಬೇಕು. ಛಾಪಿಸುವ ಕಪ್ಪು ಮಸಿ ಎಣ್ಣೆಯದು, ನೀರಿಗೆ ಹರಡುವುದಿಲ್ಲ. ಆದರೆ ರಬ್ಬರ್ ಸ್ಟಾಂಪಿನ ನೇರಳೆ ಮಸಿ ಮತ್ತು ಕಾಪಿಯಿಂಗ್ ಪೆನ್ಸಿಲ್ಲಿನ ಬರಹ ಕ್ಷಣದಲ್ಲಿ ಹರಡುತ್ತವೆ. ಮೂಲೆಯಲ್ಲಿ ಒದ್ದೆ ಹತ್ತಿಯ ಕಡ್ಡಿ ತಾಗಿಸಿ ನೋಡದೆ ಮುಂದುವರಿಯಬಾರದು.

ಪತ್ರಿಕೆಯ ಕಾಗದ ಕಟ್ಟಿಗೆಯನ್ನು ಅರೆದು ಮಾಡಿದ್ದು. ಅದರಲ್ಲಿ ಉಳಿಯುವ ಲಿಗ್ನಿನ್ ಎಂಬ ಕಟ್ಟಿಗೆಯ ಅಂಶ ಬೆಳಕಿಗೆ, ಗಾಳಿಗೆ ಹಳದಿಯಾಗುತ್ತದೆ, ಹುಳಿ ಅಂಶ ಹುಟ್ಟಿ ನಾರು ಮುರಿಯುತ್ತದೆ. ಸೆಲೋಟೇಪು ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು, ಬೇವಿನೆಲೆಯನ್ನು ನೇರವಾಗಿ ಹಾಳೆಯ ಮೇಲೆ ಇಡುವುದು, ಈ ಮೂರೂ ಹಾಳೆಯನ್ನು ಕೊಲ್ಲುತ್ತವೆ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಬಿಡಿಸಲು ಬರುವುದಿಲ್ಲ. ಎಲೆಯ ರಸ ಕಲೆಯಾಗುತ್ತದೆ. ಹರಿದ ಜಾಗಕ್ಕೆ ಗೋಧಿ ಪಿಷ್ಟದ ತೆಳು ಅಂಟು ಮತ್ತು ಜಪಾನಿ ಟಿಶ್ಯೂ ಎಂಬ ತೆಳು ಕಾಗದ ಸಾಕು. ಕೊನೆಗೆ ಹುಳಿಯಿಲ್ಲದ ಕಾಗದದ ಬೆನ್ನು ಕೊಟ್ಟು ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ ಇಡಬೇಕು. ಪಿವಿಸಿ ಚೀಲ ಬೇಡ.

ಫೋಟೊ ಎರಡು ಬಗೆಯಲ್ಲಿ ಬೇಕಾಯಿತು. ಓದಲು ಒಂದು: ಹಾಳೆಯ ಕೆಳಗೆ ಕಪ್ಪು ಕಾಗದ ಹಾಸಿ, ನೇರ ಬೆಳಕಿನಲ್ಲಿ. ಕಪ್ಪು ಹಾಸದಿದ್ದರೆ ಹಿಂಬದಿಯ ಅಕ್ಷರ ಮುಂದೆ ಮೂಡಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಇನ್ನೊಂದು, ಬೆಳಕನ್ನು ಪಕ್ಕದಿಂದ ತೀರ ತಗ್ಗಿನಲ್ಲಿ ಬಿಟ್ಟು, ಅಚ್ಚು ಒತ್ತಿದ ಗುರುತು ಕಾಣುವಂತೆ. ಈ ಎರಡನೆಯ ಫೋಟೊ ಇಲ್ಲದಿದ್ದರೆ ಮುಂದಿನ ಕೆಲಸ ಆಗುತ್ತಲೇ ಇರಲಿಲ್ಲ.

ಬ್ಲಾಕು ಯಾವುದು, ಮೊಳೆ ಯಾವುದು

ಆಗಿನ ಪುಟದಲ್ಲಿ ಎರಡು ಜಾತಿಯ ಜಾಹೀರಾತು ಇರುತ್ತಿದ್ದವು. ಮುಂಬಯಿ, ಮದ್ರಾಸಿನ ದೊಡ್ಡ ಕಂಪನಿಗಳು ಚಿತ್ರ ಮತ್ತು ಬರಹ ಸೇರಿದ ಸತುವಿನ ಬ್ಲಾಕನ್ನು ಕಟ್ಟಿಗೆಯ ಮೇಲೆ ಕೂಡಿಸಿ ಪತ್ರಿಕೆಗಳಿಗೆ ಕಳಿಸುತ್ತಿದ್ದವು. ಊರ ಅಂಗಡಿಯವರ ಜಾಹೀರಾತನ್ನು ಛಾಪಖಾನೆಯ ಕಂಪೋಜಿಟರನೇ ಅಚ್ಚಿನ ಮೊಳೆ (ಒಂದೊಂದು ಅಕ್ಷರದ ಸೀಸದ ತುಂಡು) ಜೋಡಿಸಿ ಕಟ್ಟುತ್ತಿದ್ದ. ಕಾಲ ಹುಡುಕುವವರು ಮೊದಲು ಮಾಡಬೇಕಾದದ್ದು ಈ ಎರಡನ್ನು ಬೇರೆ ಮಾಡುವುದು.

ಬ್ಲಾಕಿನ ಅಕ್ಷರ ಕೈಯಿಂದ ಬರೆದದ್ದು. ಒಂದೇ ಅಕ್ಷರ ಎರಡು ಕಡೆ ಬಂದರೂ ಆಕಾರದಲ್ಲಿ ತುಸು ಭೇದ ಇರುತ್ತದೆ. ಮೊಳೆಯಲ್ಲಿ ಎಲ್ಲ ‘ಕ’ವೂ ಒಂದೇ ಪಡಿಯಚ್ಚು, ಆದರೆ ಸಾಲು ಸ್ವಲ್ಪ ಏರಿಳಿಯುತ್ತದೆ, ಕೆಲವು ಮೊಳೆ ಸವೆದು ಮಸುಕಾಗಿರುತ್ತವೆ, ಪದಗಳ ನಡುವೆ ಜಾಗ ಬಿಡಲು ಇಟ್ಟ ಸ್ಪೇಸು ಎಂಬ ತುಂಡು ಮೇಲೆದ್ದು ಕಪ್ಪು ಚೌಕವಾಗಿ ಮೂಡುವುದೂ ಉಂಟು. ಕನ್ನಡದಲ್ಲಿ ಇನ್ನೊಂದು ಗುರುತಿದೆ: ಮೊಳೆಯ ಕೆಲಸದಲ್ಲಿ ಒತ್ತಕ್ಷರ ಬೇರೆ ತುಂಡಾದ್ದರಿಂದ ಮೂಲ ಅಕ್ಷರಕ್ಕೂ ಒತ್ತಿಗೂ ನಡುವೆ ಕೂದಲೆಳೆಯ ಸಂದು ಬೀಳುತ್ತದೆ. ಕೈಬರಹದ ಬ್ಲಾಕಿನಲ್ಲಿ ಆ ಸಂದು ಇಲ್ಲ. ಮೊಳೆಯ ಎತ್ತರ 0.918 ಇಂಚು. ಕಟ್ಟಿಗೆ ಒಣಗಿ ಬ್ಲಾಕು ಅದಕ್ಕಿಂತ ತಗ್ಗಿದರೆ ಮುದ್ರಕ ಅಡಿಗೆ ಕಾಗದ ಕೊಡುತ್ತಾನೆ. ಕೊಟ್ಟದ್ದು ಹೆಚ್ಚಾದರೆ ಬ್ಲಾಕಿನ ಅಂಚು ಹಾಳೆಯ ಹಿಂಬದಿಗೆ ಉಬ್ಬಿ ಕಾಣುತ್ತದೆ. ಗದಗಿನ ಹಾಳೆಯಲ್ಲಿ ಸಾಬೂನು, ಮುಲಾಮು ಮತ್ತು ಕಂದೀಲಿನ ಜಾಹೀರಾತುಗಳ ಸುತ್ತ ಇಂಥ ಚೌಕದ ಉಬ್ಬು ಸ್ಪಷ್ಟವಾಗಿತ್ತು.

ಈ ಭೇದ ಏಕೆ ಮುಖ್ಯವೆಂದರೆ, ಬ್ಲಾಕು ವರ್ಷಗಟ್ಟಲೆ ಓಡುತ್ತದೆ. ಕಂಪನಿಯ ಹೆಸರು ಬದಲಾದರೂ, ಆಫೀಸು ಬೇರೆ ಊರಿಗೆ ಹೋದರೂ ಹಳೆಯ ಬ್ಲಾಕು ಛಾಪಖಾನೆಯ ಕಪಾಟಿನಲ್ಲೇ ಇರುತ್ತದೆ, ಹಾಗೇ ಮತ್ತೆ ಯಂತ್ರಕ್ಕೆ ಹತ್ತುತ್ತದೆ. ಆದ್ದರಿಂದ ಬ್ಲಾಕಿನ ಜಾಹೀರಾತು ‘ಇದಕ್ಕಿಂತ ಮುಂಚಿನದಲ್ಲ’ ಎಂಬುದನ್ನು ಗಟ್ಟಿಯಾಗಿ ಹೇಳಬಲ್ಲದು. ‘ಇದರ ನಂತರದ್ದಲ್ಲ’ ಎಂದು ಅದರ ಬಲದ ಮೇಲೆ ಹೇಳಬಾರದು. ಮೊಳೆಯ ಜಾಹೀರಾತು ಆ ವಾರಕ್ಕೆಂದೇ ಜೋಡಿಸಿದ್ದು, ಅದು ಎರಡನ್ನೂ ಹೇಳುತ್ತದೆ. ಹಳೆಯ ಪತ್ರಿಕೆಗಳ ಬಗ್ಗೆ ಬರೆಯುವವರು ಚಂದದ ಬ್ಲಾಕುಗಳನ್ನೇ ಮುಂದಿಟ್ಟು ಮೂಲೆಯ ಮೂರು ಸಾಲಿನ ಊರ ಜಾಹೀರಾತನ್ನು ಬಿಟ್ಟುಬಿಡುತ್ತಾರೆ. ಕೆಲಸಕ್ಕೆ ಬರುವುದು ಆ ಮೂರು ಸಾಲು.

ಎರಡೂ ಒಂದೇ ಜಾಹೀರಾತಿನಲ್ಲಿ ಸೇರುವುದೂ ಉಂಟು. ಬ್ಲಾಕಿನ ಕೆಳಗೆ ಕಿಂಡಿ ಕೊರೆದು, ಊರಿನ ಏಜಂಟರ ವಿಳಾಸವನ್ನು ಮೊಳೆಯಲ್ಲಿ ಜೋಡಿಸಿ ಕೂಡಿಸುತ್ತಿದ್ದರು. ಕಂದೀಲಿನ ಜಾಹೀರಾತಿನಲ್ಲಿ ಮೇಲೆಲ್ಲ ಕೈಬರಹ, ಕೆಳಗೆ ‘ದುರ್ಗದಬೈಲು, ಹುಬ್ಬಳ್ಳಿ’ ಎಂಬುದು ಮಾತ್ರ ಮೊಳೆ. ಇಂಥ ಕಿಂಡಿಯನ್ನು ಭೂತಗನ್ನಡಿ ಹಿಡಿದು ಹುಡುಕಬೇಕು.

ಔಷಧ ಮನೆಗೆ ಬಂದ ದಾರಿ

ಕಾಲದ ಲೆಕ್ಕಕ್ಕೆ ಮೊದಲು, ಅರ್ಧ ಪುಟ ತುಂಬಿದ ಔಷಧಗಳನ್ನು ಓದಬೇಕು. ಅವುಗಳ ಹೊಗಳಿಕೆಗಿಂತ ಅಡಿಯ ಸಣ್ಣ ಅಕ್ಷರದ ಸೂಚನೆಯಲ್ಲಿ ಹೆಚ್ಚು ತಿಳಿಯುತ್ತದೆ: ‘ಹಳ್ಳಿ, ಪೋಸ್ಟು, ತಾಲೂಕು, ಜಿಲ್ಲೆ ಸ್ಪಷ್ಟ ಬರೆಯಿರಿ. ವ್ಹಿ.ಪಿ.ಯಿಂದ ಕಳಿಸಲಾಗುವದು. ಟಪಾಲು ಖರ್ಚು ಬೇರೆ.’

ವ್ಹಿ.ಪಿ., ಅಂದರೆ ಮಾಲು ಕೈಗೆ ಕೊಡುವಾಗ ಟಪಾಲಿನವನೇ ರೊಕ್ಕ ಪಡೆಯುವ ವ್ಯವಸ್ಥೆ, ಭಾರತದ ಅಂಚೆಯಲ್ಲಿ ಶುರುವಾದದ್ದು 1877ರಲ್ಲಿ, ಕಾಲಾಣೆಯ ಪೋಸ್ಟ್ ಕಾರ್ಡು 1879ರಲ್ಲಿ. ಇವೆರಡರಿಂದ ರೋಣ, ನರಗುಂದದ ಕಡೆಯ ಹಳ್ಳಿಯವರಿಗೂ ಮುಂಬಯಿಯ ಅಂಗಡಿ ತೆರೆಯಿತು. ಗಿರಾಕಿ ಒಂದು ಕಾರ್ಡು ಬರೆಯುತ್ತಾನೆ. ಕಂಪನಿ ಪಾರ್ಸಲ್ ಕಳಿಸುತ್ತದೆ. ಟಪಾಲಿನವನಿಗೆ ರೊಕ್ಕ ಕೊಟ್ಟರೆ ಪಾರ್ಸಲ್ ಕೈಗೆ, ರೊಕ್ಕ ಮನಿಆರ್ಡರಾಗಿ ಕಂಪನಿಗೆ. ವೈದ್ಯರ ಮುಂದೆ ನಾಚುವ ರೋಗಕ್ಕೆ, ಪೇಟೆಯಲ್ಲಿ ಕೇಳಲು ಅಂಜುವ ಮಾಲಿಗೆ ಇದು ಹೇಳಿಮಾಡಿಸಿದ ದಾರಿ. ಶಕ್ತಿವರ್ಧಕ ಗುಳಿಗೆಯವರು ‘ಪತ್ರವ್ಯವಹಾರ ಗುಪ್ತವಾಗಿ ಇಡಲಾಗುವದು’ ಎಂದು ಬರೆದದ್ದು ಇದೇ ಕಾರಣಕ್ಕೆ.

ಈ ದಾರಿ ಕೈಕೊಡುತ್ತಿದ್ದದ್ದು ಒಂದೇ ಕಡೆ: ಪಾರ್ಸಲ್ ಬಂದಾಗ ಗಿರಾಕಿಯ ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಅಥವಾ ಮನಸ್ಸು ಬದಲಾಗಿದ್ದರೆ. ಪಾರ್ಸಲ್ ವಾಪಸು, ಟಪಾಲು ಖರ್ಚು ಕಂಪನಿಯ ತಲೆಗೆ. ಅದಕ್ಕೇ ಹೆಚ್ಚು ಬೆಲೆಯ ಮಾಲಿಗೆ ಮುಂಗಡ ಕೇಳುತ್ತಿದ್ದರು, ಮೂರು ಡಬ್ಬಿ ಒಟ್ಟಿಗೆ ತರಿಸಿದರೆ ಟಪಾಲು ಖರ್ಚು ಮಾಫಿ ಮಾಡುತ್ತಿದ್ದರು. ನೇಗಿಲಿನಂಥ ಭಾರದ ಮಾಲು ಅಂಚೆಯಲ್ಲಿ ಬರುವಂಥದ್ದಲ್ಲ. ಅದಕ್ಕೆ ‘ಹತ್ತಿರದ ರೇಲ್ವೆ ಸ್ಟೇಶನ್ ತಿಳಿಸಿರಿ’ ಎಂಬ ಸಾಲು.

ಡಬ್ಬಿಯಲ್ಲಿ ಏನಿದೆ ಎಂದು ಹೇಳಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ಔಷಧಗಳ ಸ್ಥಿತಿ ವಿಚಾರಿಸಲು ಕರ್ನಲ್ ಚೋಪ್ರಾ ಅವರ ಸಮಿತಿ ಕೂತದ್ದು 1930ರಲ್ಲಿ, ಔಷಧ ಕಾಯ್ದೆ ಬಂದದ್ದು 1940ರಲ್ಲಿ, ಮಾಂತ್ರಿಕ ಪರಿಹಾರ ಹಾಗೂ ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯುವ ಕಾಯ್ದೆ ಬಂದದ್ದು 1954ರಲ್ಲಿ. ಬ್ರಿಟನ್ನಿನಲ್ಲಿ 1909ರಲ್ಲಿ ಅಲ್ಲಿಯ ವೈದ್ಯರ ಸಂಘ ಹೆಸರುವಾಸಿ ಔಷಧಗಳನ್ನು ಪರೀಕ್ಷೆಗೆ ಹಚ್ಚಿ ಪ್ರಕಟಿಸಿತು. ಲೋಕವೆಲ್ಲ ನುಂಗುತ್ತಿದ್ದ ಬೀಚಮ್ ಗುಳಿಗೆಯಲ್ಲಿ ಸಿಕ್ಕಿದ್ದು ಕರಿಬೋಳ (ಲೋಳೆಸರದ ಒಣಗಿಸಿದ ರಸ), ಶುಂಠಿಪುಡಿ ಮತ್ತು ಸಾಬೂನು. 56 ಗುಳಿಗೆಯ ಡಬ್ಬಿಗೆ ಬೆಲೆ 1 ಶಿಲಿಂಗ್ 1½ ಪೆನ್ಸ್, ಒಳಗಿನ ಸಾಮಾನಿಗೆ ಅರ್ಧ ಫಾರ್ದಿಂಗ್ (4 ಫಾರ್ದಿಂಗಿಗೆ 1 ಪೆನ್ನಿ, 12 ಪೆನ್ನಿಗೆ 1 ಶಿಲಿಂಗ್). ಲೆಕ್ಕ ಹಾಕಿದರೆ 108 ಪಟ್ಟು. ಆ ಅಂತರದ ದೊಡ್ಡ ಪಾಲು ಜಾಹೀರಾತಿಗೆ ಹೋಗುತ್ತಿತ್ತು. ಜಾಹೀರಾತಿಗೆ ಸುರಿಯುವಷ್ಟು ಲಾಭ ಗುಳಿಗೆಯಲ್ಲಿತ್ತು, ನೇಗಿಲಿನಲ್ಲಿ ಇರಲಿಲ್ಲ. ಪುಟದ ಅರ್ಧ ಭಾಗವನ್ನು ಔಷಧ ಹಿಡಿದದ್ದಕ್ಕೆ ಇದೇ ಕಾರಣ.

ಹಾಗೆಂದು ಎಲ್ಲವನ್ನೂ ಮೋಸವೆಂದು ಒಂದೇ ಗಂಟು ಕಟ್ಟುವುದು ಅನ್ಯಾಯ. ಮುಲಾಮು ಹಚ್ಚಿದರೆ ನೋವು ತುಸು ಶಮನವಾಗುತ್ತದೆ. ಕೂಸಿನ ಹೊಟ್ಟೆನೋವಿಗೆ ಬಜೆ ತೇದು ನೆಕ್ಕಿಸುತ್ತಿದ್ದ ಮನೆಗಳಿಗೆ ಸಬ್ಬಸಿಗೆಯ ಎಣ್ಣೆ, ಸೋಡಾ ಇದ್ದ ಗ್ರೈಪ್ ವಾಟರ್ ತೀರ ಅಪರಿಚಿತವೂ ಅಲ್ಲ. ಆದರೆ ವುಡ್‌ವರ್ಡ್ಸ್‌ನ ಮೂಲ ಪಾಕದಲ್ಲಿ ಶೇಕಡಾ 3.6ರಷ್ಟು ಮದ್ಯಸಾರವೂ ಇತ್ತು. ಕೂಸು ತೆಪ್ಪಗೆ ಮಲಗಿದ್ದಕ್ಕೆ ತಾಯಿ ಯಾವುದು ಕಾರಣವೆಂದು ತಿಳಿದಾಳು? ಹೇಳದೆ ಬಿಟ್ಟದ್ದೇ ಈ ಜಾಹೀರಾತುಗಳ ದೊಡ್ಡ ದೋಷ.

ಕಾಲದ ಲೆಕ್ಕ

ಈಗ ಸುಳಿವುಗಳು. ಕಿರ್ಲೋಸ್ಕರ ನೇಗಿಲಿನ ಜಾಹೀರಾತಿನಲ್ಲಿ ಕಿರ್ಲೋಸ್ಕರವಾಡಿಯ ವಿಳಾಸ ಇದೆ, ಆ ವಸಾಹತು ಹುಟ್ಟಿದ್ದು 1910ರಲ್ಲಿ. ಪ್ಲೇಗಿನ ವರ್ಷದ ಮಾತು ಇಲ್ಲಿಗೇ ಬಿತ್ತು. ಮೈಸೂರಿನ ಗಂಧದ ಸಾಬೂನು ಇದೆ, ಅದು 1916ಕ್ಕೆ ಮೊದಲು ಇರಲಿಲ್ಲ. ಹುಬ್ಬಳ್ಳಿಯ ಥೇಟರಿನ ಜಾಹೀರಾತು ‘ಟಾಕೀ’ ಎನ್ನುತ್ತದೆ, ಭಾರತದಲ್ಲಿ ಮಾತಾಡುವ ಚಿತ್ರ ಬಂದದ್ದು 1931ರ ಮಾರ್ಚಿನಲ್ಲಿ. ಹೊಲಿಗೆ ಯಂತ್ರದವರು ಒಂಬತ್ತು ಪೈ ಕಾರ್ಡು ಬರೆದರೆ ಕ್ಯಾಟಲಾಗು ಕಳಿಸುತ್ತೇವೆ ಎನ್ನುತ್ತಾರೆ. ಕಾರ್ಡಿನ ಬೆಲೆ 1922ರಲ್ಲಿ ಅರ್ಧ ಆಣೆಗೆ ಏರಿ, ಅಲ್ಲಿಂದ ಒಂಬತ್ತು ಪೈಗೆ, ಅಂದರೆ ಮುಕ್ಕಾಲು ಆಣೆಗೆ, ಹೋದದ್ದು 1931ರ ಕೊನೆಗೆ. ಹೀಗೆ ಕೆಳಗಿನ ಗಡಿ 1931ರ ಕೊನೆಗೆ ಬಂದು ನಿಂತಿತು.

ಮೇಲಿನ ಗಡಿ ಕಷ್ಟ. ಅಮೃತಾಂಜನದ ಬ್ಲಾಕಿನಲ್ಲಿ ‘ಲಿಮಿಟೆಡ್’ ಎಂದಿಲ್ಲ. ಆ ಸಂಸ್ಥೆ ಪಬ್ಲಿಕ್ ಲಿಮಿಟೆಡ್ ಆದದ್ದು 1936ರಲ್ಲಿ. ಹಾಗಾದರೆ 1936ಕ್ಕೆ ಮೊದಲಿನದೇ? ಬ್ಲಾಕಿನ ಬಗ್ಗೆ ಮೇಲೆ ಹೇಳಿದ್ದನ್ನು ನೆನೆದರೆ ಹಾಗೆ ಹೇಳಲಾಗದು. ನೇಗಿಲಿನ ವಿಳಾಸದ ‘ಜಿ. ಸಾತಾರಾ’ ಎಂಬುದೂ ಅಷ್ಟೇ. ಕಿರ್ಲೋಸ್ಕರವಾಡಿ ಸೇರಿದ ದಕ್ಷಿಣ ಸಾತಾರಾ ಬೇರೆ ಜಿಲ್ಲೆ ಆದದ್ದು 1949ರಲ್ಲಿ. ಎರಡೂ ಒಲವು ತೋರುತ್ತವೆ, ತೀರ್ಮಾನ ಕೊಡುವುದಿಲ್ಲ.

ತೀರ್ಮಾನ ಕೊಟ್ಟದ್ದು ಮೂಲೆಯಲ್ಲಿದ್ದ ಪಂಚಾಂಗದ ಜಾಹೀರಾತು. ಪೂರ್ತಿ ಮೊಳೆಯದು, ಬಾರ್ಡರು ಕೂಡ ಸವೆದ ಮೊಳೆ: ‘ಬರುವ ಯುವ ಸಂವತ್ಸರದ ಪಂಚಾಂಗ ಸಿದ್ಧವಾಗಿದೆ.’ ಯುವ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ. 1875, 1935, 1995. ಇವುಗಳಲ್ಲಿ 1931ರ ನಂತರ ಬಂದು ಒಂಬತ್ತು ಪೈ ಕಾರ್ಡಿನ ಕಾಲಕ್ಕೂ ಹೊಂದುವುದು 1935 ಒಂದೇ, ಅಂದರೆ ಶಕೆ 1857. ಆ ವರ್ಷದ ಯುಗಾದಿ ಏಪ್ರಿಲ್ ಮೊದಲ ವಾರದಲ್ಲಿ. ‘ಬರುವ’ ಎಂದದ್ದರಿಂದ ಹಾಳೆ ಅದಕ್ಕಿಂತ ಮುಂಚಿನದು, ಭಾವ ಸಂವತ್ಸರದ ಕೊನೆಯ ತಿಂಗಳುಗಳದು. ಈ ಬಗೆಯ ಲೆಕ್ಕದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ: ಸಂವತ್ಸರವನ್ನು ಜನವರಿಯಿಂದ ಎಣಿಸುವುದು. 1935ರ ಫೆಬ್ರುವರಿ ಇನ್ನೂ ಭಾವ ಸಂವತ್ಸರವೇ. ಇನ್ನೊಂದು ತಪ್ಪು ಉತ್ತರ ಭಾರತದ ಬಾರ್ಹಸ್ಪತ್ಯ ಎಣಿಕೆಯ (ಗುರುಗ್ರಹದ ಚಲನೆ ಹಿಡಿದು ಮಾಡುವ ಎಣಿಕೆ) ಕೋಷ್ಟಕ ನೋಡುವುದು, ಅಲ್ಲಿ ಹೆಸರುಗಳು ಮುಂದೆ ಸರಿದಿರುತ್ತವೆ.

ಟಾಕೀ ಜಾಹೀರಾತು ಇನ್ನೂ ಹತ್ತಿರ ತಂದಿತು. ‘ಶನಿವಾರ ತಾ. 16ರಿಂದ’ ಎಂದಿದೆ, ತಿಂಗಳ ಹೆಸರಿಲ್ಲ. 1935ರಲ್ಲಿ ಫೆಬ್ರುವರಿ 16 ಶನಿವಾರ. ಅಧಿಕ ದಿನವಿಲ್ಲದ ವರ್ಷದಲ್ಲಿ ಫೆಬ್ರುವರಿಗೆ ಸರಿಯಾಗಿ 28 ದಿನವಾದ್ದರಿಂದ ಮಾರ್ಚ್ 16 ಕೂಡ ಶನಿವಾರವೇ. ಎರಡರಲ್ಲಿ ಒಂದನ್ನು ಆರಿಸಿಕೊಟ್ಟದ್ದು ಸುದ್ದಿಯ ಬದಿಯಲ್ಲಿದ್ದ ಬಟ್ಟೆ ಅಂಗಡಿಯೊಂದರ ನಾಲ್ಕು ಸಾಲು. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಗೆ ಬರುವ ಭಕ್ತರಿಗೆ ರಿಯಾಯಿತಿ ಕೊಡುವುದಾಗಿ ಅದು ಹೇಳುತ್ತದೆ. ಆ ವರ್ಷ ಶಿವರಾತ್ರಿ ಬಂದದ್ದು ಮಾರ್ಚ್ ಮೊದಲ ವಾರದಲ್ಲಿ. ಜಾತ್ರೆ ಮುಗಿದ ಮೇಲೆ ಅಂಥ ಜಾಹೀರಾತು ಹಾಕುವವರಿಲ್ಲ. ಅಂದರೆ 16 ಎಂಬುದು ಫೆಬ್ರುವರಿಯದು, ಹಾಳೆ ಅದರ ಹಿಂದಿನ ವಾರದ್ದು. ಹತ್ತಿ ಬಿಡಿಸುವ ಹಂಗಾಮು ಅದು, ಗದಗ, ಹುಬ್ಬಳ್ಳಿಯ ಪೇಟೆಗೆ ಗಾಡಿಗಳು ಬರುವ, ರೈತನ ಕೈಯಲ್ಲಿ ರೊಕ್ಕ ಆಡುವ ಕಾಲ. ನೇಗಿಲು, ಹೊಲಿಗೆ ಯಂತ್ರದವರು ಅಷ್ಟು ಜಾಗ ಕೊಂಡದ್ದು ಅದಕ್ಕೆ ಹೊಂದುತ್ತದೆ.

ಸ್ಥಳದ ವಿಷಯದಲ್ಲಿ ಅಂಗಡಿಗಳ ವಿಳಾಸ ನೋಡಿ ಹುಬ್ಬಳ್ಳಿಯ ಪತ್ರಿಕೆ ಎನ್ನುವುದು ಸಹಜ. ಆದರೆ ಹುಬ್ಬಳ್ಳಿ ವ್ಯಾಪಾರದ ಊರು. ಧಾರವಾಡದಲ್ಲಿ ಛಾಪಿಸುವ ಪತ್ರಿಕೆಯೂ ಅಲ್ಲಿಯ ಅಂಗಡಿಗಳ ಜಾಹೀರಾತು ಹಾಕುವುದು ಸಹಜವೇ. ಅಂಗಡಿಯ ವಿಳಾಸ ಗಿರಾಕಿ ಎಲ್ಲಿದ್ದಾನೆಂದು ಹೇಳುತ್ತದೆ, ಛಾಪಖಾನೆ ಎಲ್ಲಿದೆ ಎಂದಲ್ಲ. ಅದನ್ನು ಹೇಳುವುದು ಕೊನೆಯ ಪುಟದ ಅಡಿಯ ಸಾಲು. 1867ರ ಮುದ್ರಣ ಕಾಯ್ದೆಯ ಪ್ರಕಾರ ಮುದ್ರಕನ ಹೆಸರು, ಮುದ್ರಿಸಿದ ಸ್ಥಳ ಪ್ರತಿ ಪತ್ರಿಕೆಯಲ್ಲಿ ಇರಲೇಬೇಕಾಗಿತ್ತು. ಟ್ರಂಕಿಗೆ ಹಾಸಿದವರು ಮೇಲ್ಭಾಗ ಕತ್ತರಿಸಿದರು, ಕೆಳಭಾಗ ಉಳಿಸಿದರು. ಆದರೆ ತುಕ್ಕು ಆ ಸಾಲಿನ ಎಡಭಾಗವನ್ನು ತಿಂದಿದೆ. ಉಳಿದದ್ದು ಇಷ್ಟು: ‘…ಧಾರವಾಡದಲ್ಲಿ ಛಾಪಿಸಿ ಪ್ರಸಿದ್ಧಪಡಿಸಿದರು.’

ಪತ್ರಿಕೆಯ ಹೆಸರು ಸಿಗಲು ಇನ್ನೊಂದು ಕೊಂಡಿ ಇದೆ. ಗುಳಿಗೆಯ ಕಂಪನಿಯ ವಿಳಾಸದಲ್ಲಿ ಊರಿನ ಹೆಸರಿಗೆ ಮುಂಚೆ ‘ವಿಭಾಗ ಧ. 3’ ಎಂದಿದೆ, ಬ್ಲಾಕಿನ ಕಿಂಡಿಯಲ್ಲಿ ಕೂಡಿಸಿದ ಮೊಳೆಯಿಂದ. ಅಂಥ ವಿಭಾಗ ಕಂಪನಿಯಲ್ಲಿ ಇರಬೇಕೆಂದಿಲ್ಲ. ಯಾವ ಪತ್ರಿಕೆಯಿಂದ ಎಷ್ಟು ಕಾರ್ಡು ಬಂದವು ಎಂದು ಎಣಿಸಲು ಒಂದೊಂದು ಪತ್ರಿಕೆಗೆ ಒಂದೊಂದು ಗುರುತು ಕೊಡುವುದು ಟಪಾಲಿನ ಮೇಲೆ ಮಾಲು ಮಾರುವವರ ಪದ್ಧತಿ. ಹೆಸರು, ತಾರೀಖು ಉಳಿದ ಯಾವುದಾದರೂ ಸಂಚಿಕೆಯಲ್ಲಿ ಅದೇ ಕಂಪನಿಯ ಅದೇ ಗುರುತು ಸಿಕ್ಕರೆ ಪತ್ರಿಕೆ ಯಾವುದೆಂದು ಗೊತ್ತಾಗುತ್ತದೆ.

ಸಿಗುವುದಕ್ಕೆ ತೊಡಕೆಂದರೆ ನಮ್ಮ ಬೈಂಡಿಂಗ್ ಪದ್ಧತಿ. ವರ್ಷದ ಸಂಚಿಕೆಗಳನ್ನು ಕಟ್ಟುವಾಗ ‘ಬರೀ ಜಾಹೀರಾತು’ ಎಂದು ಹೊದಿಕೆಯ ಪುಟಗಳನ್ನು ಕಿತ್ತು ಹಾಕುವುದು ಬಹಳ ಕಡೆ ನಡೆದಿದೆ. ಸ್ಕ್ಯಾನ್ ಮಾಡುವವರೂ ಲೇಖನದ ಪುಟಗಳನ್ನಷ್ಟೇ ಆರಿಸುತ್ತಾರೆ. ಹವ್ಯಾಸಿಗಳು ಚಂದ ಕಂಡ ಜಾಹೀರಾತನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುತ್ತಾರೆ. ಈ ಹಾಳೆಯಿಂದ ಸಾಬೂನಿನ ಬ್ಲಾಕನ್ನು ಮಾತ್ರ ಕತ್ತರಿಸಿ ಇಟ್ಟಿದ್ದರೆ ಅದರ ಬಗ್ಗೆ ‘1916ರ ನಂತರದ್ದು’ ಎಂದಷ್ಟೇ ಹೇಳಲು ಬರುತ್ತಿತ್ತು. ಫೆಬ್ರುವರಿ ತಿಂಗಳು ಸಿಕ್ಕಿದ್ದು ನೆರೆಯ ಕಾಲಂನ ಪಂಚಾಂಗದಿಂದ, ಸಿನೆಮಾದಿಂದ, ಹಿಂಬದಿಯ ಬಟ್ಟೆ ಅಂಗಡಿಯಿಂದ. ಆದ್ದರಿಂದ ಹಾಳೆ ಪೂರ್ತಿ ಇರಲಿ, ಎರಡೂ ಬದಿ ಫೋಟೊ ಇರಲಿ, ಪ್ರತಿ ಜಾಹೀರಾತಿಗೂ ಕಾಲಂನ ಜಾಗ, ಅಳತೆ, ಬ್ಲಾಕೋ ಮೊಳೆಯೋ, ಪೂರ್ತಿ ವಿಳಾಸ, ಬೆಲೆ, ಗುರುತಿನ ಅಕ್ಷರ ಬರೆದಿಡಬೇಕು.

ಹಾಳೆಯ ಚೀಲದ ಮೇಲೆ ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಹೀಗಿದೆ: ‘ಧಾರವಾಡದಲ್ಲಿ ಮುದ್ರಿತ. 1935ರ ಫೆಬ್ರುವರಿ, 16ಕ್ಕೆ ಮುಂಚಿನ ವಾರ. ಆಧಾರ: ಪಂಚಾಂಗ, ಟಾಕೀ, ಶಿವರಾತ್ರಿ ರಿಯಾಯಿತಿ, ಮೂರೂ ಮೊಳೆ. ಪತ್ರಿಕೆಯ ಹೆಸರು ಬಾಕಿ. ವಿಭಾಗ ಧ. 3 ಹುಡುಕಬೇಕು.’